ದೀಮದ ಗೌಜಲಕ್ಕಿ ಮಾಯವಾದ ವರ್ಷ

ಗೌಜಲಕ್ಕಿ ಬೇಟೆ ಆಡುವವನಿಗೆ ಅನುಮಾನ ಪಡುವುದನ್ನು ಯಾರೂ ಕಲಿಸಬೇಕಾಗಿಲ್ಲ. ಅದು ಕಸುಬಿನ ಜೊತೆಗೇ ಬರುತ್ತದೆ. ಹುಲ್ಲು ಅಲುಗಿದರೆ ಗಾಳಿಯೋ ಹಕ್ಕಿಯೋ ಎಂದು ಅನುಮಾನ. ಕೂಗುತ್ತಿದ್ದದ್ದು ತಟಕ್ಕನೆ ನಿಂತರೆ ನರಿ ಬಂತೋ, ಇಲ್ಲ ಪಕ್ಕದೂರಿನವನು ನಮಗಿಂತ ಮುಂಚೆ ಬಂದು ಕೂತಿದ್ದಾನೋ ಎಂದು ಅನುಮಾನ. ನನ್ನ ಪಾಲಿಗೆ ಅದು ಒಂದು ಹಿಡಿ ಹೆಚ್ಚೇ ಬಂದಿತ್ತು. ಹುಟ್ಟಿದ ದಿನ ಸೂಲಗಿತ್ತಿಯನ್ನೇ ಓರೆಗಣ್ಣಲ್ಲಿ ನೋಡಿದ್ದೆ ಎಂದು ಅವ್ವ ಎಲ್ಲರ ಮುಂದೆ ಹಂಗಿಸುತ್ತಿದ್ದಳು. ನಾನು ಅದನ್ನು ಬೈಗುಳ ಎಂದು ಎಂದೂ ತಿಳಿಯಲಿಲ್ಲ. ನಂಬಿ ಕೂತವನ ಉರುಲಿಗೆ ಹಕ್ಕಿ ಬೀಳುವುದಿಲ್ಲ ಎಂಬುದನ್ನು ಕಂಡವನು ನಾನು.

ನಮ್ಮೂರು ಹೊಸದುರ್ಗದ ಸೀಮೆಯಲ್ಲಿ, ಕುರುಚಲು ಗುಡ್ಡಗಳ ಬುಡದಲ್ಲಿ ಇತ್ತು. ಹುಬ್ಬೆ ಮಳೆ ನಾಲ್ಕು ಹನಿ ಉದುರಿಸಿ ಹೋಗಿ, ಉತ್ತರೆ ಹಿಡಿಯುವ ಮೊದಲು ಒಂದಿಷ್ಟು ದಿನ ಎಳೆ ಬಿಸಿಲು ಬೀಳುತ್ತದಲ್ಲ, ಅದೇ ನಮ್ಮ ಹಂಗಾಮು. ನವಣೆ, ಸಾಮೆ ಕೊಯ್ದು ಹೊಲದಲ್ಲಿ ಕೂಳೆ ನಿಂತಿರುತ್ತದೆ. ಉದುರಿದ ಕಾಳು ಹೆಕ್ಕಲು ಹಕ್ಕಿಗಳು ಗುಡ್ಡದಿಂದ ಇಳಿಯುತ್ತವೆ. ಮಳೆಗಾಲದ ಮರಿಗಳು ಆ ಹೊತ್ತಿಗೆ ತಾಯಿಯಷ್ಟೇ ದಪ್ಪಗಾಗಿರುತ್ತವೆ. ಬಂದರಿಕೆ ಗಿಡ, ಕಾರೆ ಮುಳ್ಳು, ಕಳ್ಳಿಬೇಲಿ ಎಲ್ಲ ಹಸಿರಾಗಿ ತುಂಬಿಕೊಂಡು ಮನುಷ್ಯ ಅಡಗಿ ಕೂರಲು ಅನುಕೂಲ. ಆದರೆ ಹಕ್ಕಿ ಅಡಗಲಿಕ್ಕೂ ಅದೇ ಅನುಕೂಲ. ಬೆಳಗಿನ ಇಬ್ಬನಿಗೆ ಹುಲ್ಲು ತೊಯ್ದು, ಪಂಚೆ ಮೊಣಕಾಲಿನವರೆಗೆ ಒದ್ದೆಯಾಗಿ, ಮೈಯೆಲ್ಲ ನೆಗ್ಗಿಲಮುಳ್ಳು ಅಂಟಿಕೊಂಡು ಕೂತಿರಬೇಕು. ಬಿಸಿಲು ಏರಿದ ಮೇಲೆ ಗೌಜಲಕ್ಕಿ ಬಾಯಿ ಬಿಡುವುದಿಲ್ಲ. ಮೋಡ ಕವಿದ ದಿನವಂತೂ ಕೇಳಲೇಬೇಡಿ, ಗುಡ್ಡದಲ್ಲಿ ಹಕ್ಕಿಯೇ ಇಲ್ಲವೇನೋ ಎನ್ನುವಂತೆ ಸುಮ್ಮನಿರುತ್ತವೆ.

ನಾನು ಹೇಳುತ್ತಿರುವ ಕಾಲಕ್ಕೆ ಮಾರಿಕಣಿವೆಗೆ ಕಟ್ಟೆ ಕಟ್ಟಿ ನೀರು ನಿಲ್ಲತೊಡಗಿತ್ತು. ತಗ್ಗಿನ ಪೊದೆಗಾಡೆಲ್ಲ ನೀರಿನಡಿ ಹೋಗಿ, ಹಕ್ಕಿಗಳು ಮೇಲಿನ ಗುಡ್ಡ ಹತ್ತಿದ್ದವು. ಹಕ್ಕಿ ಹೆಚ್ಚಾದರೆ ಬೇಟೆಗಾರನಿಗೆ ಸಂತೋಷ ಆಗಬೇಕು. ನಮಗಾಗಲಿಲ್ಲ. ಎಲ್ಲೆಲ್ಲಿಯವೋ ಹಕ್ಕಿಗಳು ಒಂದೇ ಗುಡ್ಡದಲ್ಲಿ ಸೇರಿ ಒಂದಕ್ಕೊಂದು ಹೆದರಿ ಕೂಗು ಕಡಿಮೆ ಮಾಡಿದ್ದವು. ಅಂಥ ವರ್ಷದಲ್ಲಿ ಬಲೆ, ಉರುಲು, ಕೋವಿ ಯಾವುದೂ ಕೆಲಸಕ್ಕೆ ಬರುವುದಿಲ್ಲ. ಒಳ್ಳೆಯ ದೀಮ ಬೇಕು.

ದೀಮ ಎಂದರೆ ಸಾಕಿದ ಗೌಜಲಕ್ಕಿಯ ಹುಂಜ. ಅದನ್ನು ಪಂಜರದಲ್ಲಿಟ್ಟು ಬಟ್ಟೆ ಮುಚ್ಚಿ ಗುಡ್ಡಕ್ಕೆ ಒಯ್ದು, ಪೊದೆಯ ಪಕ್ಕ ಇಟ್ಟು, ಸುತ್ತ ಕುದುರೆಬಾಲದ ಕೂದಲಿನ ಉರುಲು ನೆಟ್ಟು, ಬಟ್ಟೆ ತೆಗೆಯುತ್ತೇವೆ. ಬೆಳಕು ಕಂಡದ್ದೇ ಅದು ಕೂಗುತ್ತದೆ. ತನ್ನ ಜಾಗಕ್ಕೆ ಬೇರೆ ಗಂಡು ಬಂತೆಂದು ಕಾಡಿನ ಹುಂಜ ಸಿಟ್ಟಿನಿಂದ ಜಗಳಕ್ಕೆ ಬಂದು ಉರುಲಿಗೆ ಕಾಲು ಕೊಡುತ್ತದೆ. ಅಪ್ಪನ ದೀಮ ನಮ್ಮ ಸೀಮೆಗೇ ಹೆಸರಾಗಿತ್ತು. ಉಳಿದವು 'ಕಟೀಟರ್, ಕಟೀಟರ್' ಎಂದು ಒಂದೇ ಸಮ ಕೂಗಿದರೆ, ಇದು ಕೊನೆಗೆ ದನಿ ಒಡೆದು ಸಣ್ಣಗೆ ಇನ್ನೊಂದು ಸಲ ಎಳೆಯುತ್ತಿತ್ತು. ಕೇಳಿದ ಕಾಡುಹಕ್ಕಿ ಮೈಮೇಲೆ ದೆವ್ವ ಬಂದ ಹಾಗೆ ಓಡಿ ಬರುತ್ತಿತ್ತು. ಅಪ್ಪ ಅದಕ್ಕೆ ತಾನೇ ಹುತ್ತ ಕೆದರಿ ಗೆದ್ದಲು ತಂದು ತಿನ್ನಿಸುತ್ತಿದ್ದ. ನಮಗ್ಯಾರಿಗಾದರೂ ಜ್ವರ ಬಂದಾಗ ಅವನು ಅಷ್ಟು ದೂರ ನಡೆದದ್ದು ನನಗೆ ನೆನಪಿಲ್ಲ.

ಆ ವರ್ಷ ನಾಗರಪಂಚಮಿಗೆ ಅಕ್ಕ ತವರಿಗೆ ಬಂದಿದ್ದಳು. ಅವಳನ್ನು ಗುಡ್ಡದ ಸಾಲಿನ ಆಚೆ, ಹಿರಿಯೂರು ಕಡೆಗೆ ಕೊಟ್ಟಿತ್ತು. ಮದುವೆಯಾಗಿ ಎಷ್ಟೋ ವರ್ಷ ಮಕ್ಕಳಾಗದೆ, ಹೊತ್ತ ಹರಕೆಗೆ ಲೆಕ್ಕವಿಲ್ಲದೆ, ಕೊನೆಗೆ ಆಗ ಬಸುರಿಯಾಗಿದ್ದಳು. ಅವ್ವ ಅವಳ ಕೈಯಲ್ಲಿ ಒಂದು ಕಡ್ಡಿ ಎತ್ತಿಸಲಿಲ್ಲ. ಗೌರಿ ಹಬ್ಬಕ್ಕೆ ಮತ್ತೆ ಕರೆಸುವುದು, ಆಮೇಲೆ ಕುಬಸ ಮಾಡಿ ಚೊಚ್ಚಲ ಹೆರಿಗೆಗೆ ಕರೆತರುವುದು ಎಂದೆಲ್ಲ ಮಾತಾಗಿತ್ತು. ಹೆರಿಗೆಗೆ ಎಂದು ಅವ್ವ ಹಳೇ ಸೀರೆಗಳನ್ನು ಒಗೆದು ಮಡಿಸಿ ಪೆಟ್ಟಿಗೆಗೆ ತುಂಬಿಯೂ ಆಗಿತ್ತು.

ಹಬ್ಬ ಮುಗಿದು ಭಾವ ಅವಳನ್ನು ಕರೆದೊಯ್ಯಲು ಗಾಡಿ ಕಟ್ಟಿಕೊಂಡು ಬಂದ. ನಮ್ಮ ಮಂದಿಯಲ್ಲಿ ಒಂದು ರೂಢಿ ಇದೆ. ಬಸುರಿ ಮಗಳನ್ನು ಮೊದಲ ಸಲ ಕಳಿಸಿಕೊಡುವಾಗ ಅಳಿಯ ಹೊಸಲ ಮೇಲೆ ನಿಂತು ಏನಾದರೂ ಒಂದು ಕೇಳಬಹುದು. ಕೇಳಿದ್ದನ್ನು ಮಾವ ಇಲ್ಲ ಎನ್ನುವಂತಿಲ್ಲ. ಮರ್ಯಾದಸ್ಥರು ಒಂದು ಕಂಬಳಿಯನ್ನೋ ಒಂದು ಹೋತವನ್ನೋ ಕೇಳಿ ಸುಮ್ಮನಾಗುತ್ತಾರೆ. ಭಾವ ಮರ್ಯಾದಸ್ಥನೇ. ಆದರೆ ಬೇಟೆಗಾರ. ಹಿಂದಿನ ದಿನ ಉಣ್ಣುವಾಗ ನಗುನಗುತ್ತ ಹೇಳಿಬಿಟ್ಟ:

"ಮಾವ, ನಾಳೆ ಹೊಸಲ ಮ್ಯಾಲೆ ನಾ ಏನ್ ಕೇಳ್ತೀನಿ ಅಂತ ಈಗ್ಲೇ ಹೇಳ್ತೀನಿ. ಆ ದೀಮದ ಹಕ್ಕಿ ಕೊಡ್ರಿ."

"ನಿನಗ್ಯಾಕಪ್ಪ ಈಗ ದೀಮ? ಹೆಂಡ್ತಿ ಬಸುರಿ ಅವ್ಳೆ," ಎಂದ ಅಪ್ಪ.

"ಬ್ಯಾಟೆ ಆಡಾಕಲ್ಲ ಬಿಡ್ರಿ. ಮಗಾ ಹುಟ್ಟಾಗಂಟ ಸುಮ್ನೆ ಜಂತೆಗೆ ನೇತಾಕ್ಕೊಂಡು ಕೂಗು ಕೇಳ್ತೀನಿ."

ಹೆಂಡತಿ ಬಸುರಿ ಇರುವಾಗ ಗಂಡನಾದವನು ಜೀವ ತೆಗೆಯುವಂತಿಲ್ಲ. ಉರುಲು ಹಾಕುವಂತಿಲ್ಲ, ಬಲೆ ಮುಟ್ಟುವಂತಿಲ್ಲ, ಕೋವಿ ಹೆಗಲಿಗೇರಿಸುವಂತಿಲ್ಲ. ಅದು ಹೊಟ್ಟೆಯಲ್ಲಿರುವ ಮಗುವಿಗೆ ತಟ್ಟುತ್ತದೆ ಎಂಬ ನಂಬಿಕೆ. ಅದನ್ನು ಮೀರಿದವರನ್ನು ನಾನು ಕಂಡಿರಲಿಲ್ಲ. ಅಪ್ಪ ಅಳಿಯನ ಮಾತಿಗೆ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. "ನಾಳಿಂದು ನಾಳಿಗೆ ನೋಡಾಣ" ಎಂದು ಕೈ ತೊಳೆದ.

ಬೆಳಗ್ಗೆ ಎದ್ದು ನೋಡಿದರೆ ಕೊಟ್ಟಿಗೆಯ ಜಂತೆಗೆ ನೇತುಹಾಕಿದ್ದ ಪಂಜರ ಖಾಲಿ. ಬಾಗಿಲ ಹುರಿ ಮಾತ್ರ ಬಿಗಿದು ಕಟ್ಟಿತ್ತು. ಕಾಡುಬೆಕ್ಕು ಹಕ್ಕಿ ತಿಂದು ಹುರಿ ಕಟ್ಟಿ ಹೋಗುವುದಿಲ್ಲ. ಇದು ಮನುಷ್ಯನ ಕೈಕೆಲಸ ಎಂದು ನಾನು ಅಲ್ಲೇ ಅಂದೆ. ಅಪ್ಪ ಪಂಜರವನ್ನು ತಿರುಗಿಸಿ ಮುರುಗಿಸಿ ನೋಡಿ, "ಹೋಗ್ಲಿ ಬಿಡು, ಹಣೇಲಿ ಇರ್ಲಿಲ್ಲ" ಎಂದ. ಹಕ್ಕಿಗೆ ಒಂದು ಸೀನು ಬಂದರೆ ಊಟ ಬಿಡುವ ಮನುಷ್ಯ ಅವನು. ಬೀಗರ ಮುಂದೆ ಗದ್ದಲ ಬೇಡವೆಂದು ನುಂಗಿಕೊಂಡ ಎಂದು ನಾನು ತಿಳಿದೆ.

ಭಾವ ಅಂದು ಎಲ್ಲರಿಗಿಂತ ಮುಂಚೆ ಎದ್ದು ಎತ್ತಿಗೆ ಹುಲ್ಲು ಹಾಕಲು ಕೊಟ್ಟಿಗೆಗೆ ಹೋಗಿದ್ದ. ಅದನ್ನು ಅವನೇ ಹೇಳಿದ. ಆಮೇಲೆ ಹೊಸಲ ಮೇಲೆ ನಿಂತಾಗ ಏನೂ ಕೇಳಲಿಲ್ಲ. ಮುಖ ಎತ್ತಿ ಅಪ್ಪನನ್ನು ನೋಡಲೂ ಇಲ್ಲ. ಗಾಡಿಯಲ್ಲಿ ಬುಟ್ಟಿಗಳು, ಬುಟ್ಟಿಗಳ ಮೇಲೆ ಕಂಬಳಿ. ಆ ಕಂಬಳಿ ಎತ್ತಿ ನೋಡಲು ನನ್ನ ಕೈ ತುಡಿಯುತ್ತಿತ್ತು. ಅಕ್ಕ ಹತ್ತಿ ಕೂತಳು, ಗಾಡಿ ಹೊರಟಿತು. ಮಾವ ಏನಾದರೂ ನೆಪ ಹೇಳಿ ತಪ್ಪಿಸಿಕೊಳ್ಳುತ್ತಾನೆ ಎಂದು ತಿಳಿದು ತಾನೇ ಎತ್ತಿಕೊಂಡ, ಅದಕ್ಕೇ ಕೇಳಲು ಬಾಯಿ ಬರಲಿಲ್ಲ ಎಂದು ನಾನು ಲೆಕ್ಕ ಹಾಕಿದೆ. ನನ್ನ ಲೆಕ್ಕ ನನಗೆ ಬಹಳ ಅಚ್ಚುಕಟ್ಟಾಗಿ ಕಂಡಿತು.

"ಬಾಯಿ ಮುಚ್ಕಂಡಿರು. ಮಗಳು ಆ ಮನೇಲಿ ಬಾಳಬೇಕು," ಎಂದು ಅಪ್ಪ ನನಗೆ ಕಟ್ಟಪ್ಪಣೆ ಮಾಡಿದ. ನಾನು ಬಾಯಿ ಮುಚ್ಚಿಕೊಂಡದ್ದು ಹಿರಿಯೂರು ಸಂತೆಯವರೆಗೆ ಮಾತ್ರ. ಅಲ್ಲಿ ತೆಂಗಿನಕಾಯಿ ರಾಶಿಗಳ ನಡುವೆ ಭಾವ ಎದುರಾದ. ಜೊತೆಗೆ ಅವರೂರಿನವರು ಇದ್ದರು.

"ಏನಪ್ಪ, ಮನೇಲಿ ಎಲ್ಲಾ ಚೆನ್ನಾಗವ್ರಾ?" ಎಂದ.

"ಎಲ್ಲಾ ಚೆನ್ನಾಗವ್ರೆ. ನಮ್ಮ ಹಕ್ಕಿ ನಿಮ್ಮನೇಲಿ ಚೆನ್ನಾಗಿ ಕೂಗ್ತೈತಾ ಭಾವ?" ಎಂದೆ.

ಅವನ ಮುಖ ಕಪ್ಪಿಟ್ಟಿತು. ಜೊತೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಭಾವ ನನ್ನ ಕಪಾಳಕ್ಕೆ ಒಂದು ಬಿಗಿದಿದ್ದರೆ ನನ್ನ ಅನುಮಾನ ಅರ್ಧ ಇಳಿಯುತ್ತಿತ್ತು. ಅವನು ಹೆಗಲ ಮೇಲಿನ ವಸ್ತ್ರ ಕೊಡವಿ ಹೊರಟುಹೋದ. ಕಳ್ಳ ಸಿಕ್ಕಿಬಿದ್ದ ಎಂದು ನಾನು ಹಿಗ್ಗಿ ಮನೆಗೆ ಬಂದೆ.

ಗೌರಿ ಹಬ್ಬಕ್ಕೆ ಅಕ್ಕನನ್ನು ಕರೆತರಲು ಹೋದಾಗ ಆ ಹಿಗ್ಗು ಇಳಿಯಿತು. ಭಾವನ ತಾಯಿ ಬಾಗಿಲಲ್ಲೇ ನಿಂತು, ಕಾಲಿಗೆ ನೀರನ್ನೂ ಕೊಡದೆ, "ಕಳ್ಳರ ಮನೆಗ್ಯಾಕೆ ಬಂದ್ರಿ? ಸಂತೇಲಿ ಆಡಿದ ಮಾತನ್ನ ನಾಕು ಮಂದಿ ಮುಂದೆ ವಾಪಸ್ ತಗಳ್ರಿ. ಇಲ್ಲಾ ಹಕ್ಕಿ ಯಾರು ಕದ್ರು ಅಂತ ತೋರಿಸ್ರಿ. ಅಲ್ಲೀಗಂಟ ಹಬ್ಬಕ್ಕೂ ಕಳ್ಸಲ್ಲ, ಹೆರಿಗೆಗೂ ಕಳ್ಸಲ್ಲ" ಎಂದಳು. ಅಕ್ಕ ಒಳಬಾಗಿಲ ಹಿಂದೆ ನಿಂತಿದ್ದಳು. ಅವಳ ಸೀರೆಯ ಅಂಚು ಕಂಡಿತು, ಮುಖ ಕಾಣಲಿಲ್ಲ. ನಾನು ಬರಿಗೈಯಲ್ಲಿ ಬಂದು ಹೇಳಿದಾಗ ಅವ್ವ ಬಾಗಿನದ ಮೊರವನ್ನು ಹಾಗೆಯೇ ಎತ್ತಿ ಅಟ್ಟಕ್ಕಿಟ್ಟಳು. ಅಪ್ಪ ನನ್ನನ್ನು ಬೈಯುತ್ತಾನೆಂದು ಕಾದೆ. ಬೈಯಲಿಲ್ಲ. ಅದೂ ನನಗೆ ವಿಚಿತ್ರವಾಗಿಯೇ ಕಂಡಿತು. ಮಾತು ವಾಪಸ್ ತಗೋ ಎಂದೂ ಹೇಳಲಿಲ್ಲ, ತಗೋಬೇಡ ಎಂದೂ ಹೇಳಲಿಲ್ಲ. ಸಜ್ಜೆ ತೆನೆ ಕಟ್ಟಿದೆ, ಹಂದಿ ಕಾಯಬೇಕು ಎಂದು ಹೇಳಿ ಹೊಲದ ಗುಡಿಸಲಿಗೆ ಮಲಗಲು ಹೋಗತೊಡಗಿದ.

ಅವ್ವನಿಗೆ ಮಗಳ ಚಿಂತೆ ಹತ್ತಿತು. ನನ್ನನ್ನು ಎಳೆದುಕೊಂಡು ಹಾಲುರಾಮೇಶ್ವರಕ್ಕೆ ಹೋದಳು. ಅಲ್ಲಿಯ ಹೊಂಡದ ಮುಂದೆ ಕೂತು ಬೇಡಿಕೊಂಡರೆ ನೀರೊಳಗಿಂದ ಏನಾದರೊಂದು ಮೇಲೆ ಬರುತ್ತದೆ, ಅದೇ ಹೊಂಡದ ತಾಯಿಯ ಉತ್ತರ. ಅಪ್ಪನನ್ನು ಕರೆದರೆ ಬರಲಿಲ್ಲ. ಹೊಲ ಕಾಯುವವರು ಯಾರು ಎಂದ. ಅವ್ವ ಕಣ್ಣು ಮುಚ್ಚಿ, "ಮಗಳು ಹೆರಿಗೆಗೆ ಮನೆಗೆ ಬರ್ತಾಳಾ ತಾಯಿ?" ಎಂದು ಅದೊಂದನ್ನೇ ಕೇಳಿದಳು. ಬಹಳ ಹೊತ್ತಾದ ಮೇಲೆ ಒಂದು ಬಿಲ್ವಪತ್ರೆ ತೇಲಿ ಬಂತು. ಪೂಜಾರಿ ಒಳ್ಳೆಯದಾಗುತ್ತದೆ ಎಂದ. ಸುತ್ತ ಎಲ್ಲಾದರೂ ಬಿಲ್ವದ ಮರ ಇದೆಯೇ ಎಂದು ನಾನು ಕತ್ತು ಹೊರಳಿಸಿ ನೋಡಿದ್ದಕ್ಕೆ ಅವ್ವ ನನ್ನ ತೊಡೆ ಚಿವುಟಿದಳು. "ನೀನು ಅನುಮಾನ ಪಟ್ಟೇ ನನ್ನ ಮಗಳನ್ನ ದೂರ ಮಾಡಿದ್ದು," ಎಂದಳು. ಅಲ್ಲೇ ಕೂತು ಅತ್ತಳು. ಆದರೆ ಮಾತು ವಾಪಸ್ ತೆಗೆದುಕೊಳ್ಳುವುದು ಹೇಗೆ? ಕದ್ದವನು ಕದ್ದಿದ್ದಾನೆ. ಕದ್ದದ್ದನ್ನು ತೋರಿಸಿಬಿಟ್ಟರೆ ಅವರೇ ತಲೆ ತಗ್ಗಿಸಿ ಕಳಿಸುತ್ತಾರೆ ಎಂಬುದು ನನ್ನ ಹಟ.

ಮನೆಯಲ್ಲಿ ಇನ್ನೊಂದು ಎಳೆಯ ದೀಮ ಇತ್ತು. ನಾನೇ ಸಾಕಿದ್ದು. ಅಪ್ಪ ಅದನ್ನು ಕಣ್ಣೆತ್ತಿ ನೋಡುತ್ತಿರಲಿಲ್ಲ. ಅದನ್ನೆತ್ತಿಕೊಂಡು ಬೆಳಗಿನ ಜಾವ ಗುಡ್ಡಕ್ಕೆ ಹೋಗತೊಡಗಿದೆ. ನಮ್ಮ ದಿಕ್ಕಿನ ಇಳಿಜಾರಿನಲ್ಲಿ ಎಷ್ಟು ಕೂಗಿಸಿದರೂ ಕಾಡುಹಕ್ಕಿ ಓಗೊಡಲಿಲ್ಲ. ಕೂಳೆಯಲ್ಲಿ ಹೆಜ್ಜೆ ಗುರುತಿತ್ತು, ಹಿಕ್ಕೆ ಇತ್ತು, ಮಣ್ಣಲ್ಲಿ ಹೊರಳಾಡಿದ ಗುಳಿ ಇತ್ತು. ಹಕ್ಕಿ ಮಾತ್ರ ಇಲ್ಲ. ಯಾರೋ ನನಗಿಂತ ಮುಂಚೆ ಅವನ್ನು ಬೇರೆ ಕಡೆಗೆ ಎಳೆದುಕೊಳ್ಳುತ್ತಿದ್ದಾರೆ ಎನ್ನಿಸಿತು. ಒಂದು ಪೊದೆಯ ಬುಡದಲ್ಲಿ ಕೊಂಬೆ ಮುರಿದು ಮರೆ ಕಟ್ಟಿ ಕೂತಿದ್ದ ಜಾಗ ಕಂಡೆ. ಒಳಗೆ ಹುಲ್ಲು ಅಪ್ಪಚ್ಚಿಯಾಗಿತ್ತು, ಅಗಿದು ಉಗಿದ ಎಲೆಯಡಿಕೆಯ ಕೆಂಪು ಇನ್ನೂ ಹಸಿಯಾಗಿತ್ತು. ನಮ್ಮೂರಲ್ಲಿ ದೀಮ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಹಾಗಾದರೆ ಇಲ್ಲಿ ಕೂತವನು ಗುಡ್ಡದ ಆಚೆಯವನೇ ಎಂದು ನಾನು ಇನ್ನೂ ಮೇಲಕ್ಕೆ, ಎರಡೂರ ನಡುವಿನ ಗಡಿಗುಡ್ಡದ ಕಡೆಗೆ ಹೋದೆ.

ಅಲ್ಲಿ ಕೇಳಿಸಿತು. ಕಳ್ಳಿಬೇಲಿಯ ಆಚೆಯಿಂದ, ಭಾವನ ಊರಿನ ದಿಕ್ಕಿಗೆ. ಕಟೀಟರ್, ಕಟೀಟರ್, ಆಮೇಲೆ ದನಿ ಒಡೆದು ಸಣ್ಣಗೆ ಇನ್ನೊಂದು ಎಳೆತ. ನನ್ನ ಎಳೆಯ ದೀಮ ಅದಕ್ಕೆ ಓಗೊಟ್ಟಿತು. ಅದು ತಿರುಗಿ ಕೂಗಿತು. ಎರಡೂ ಹೀಗೆ ಬಿಸಿಲು ಬೀಳುವವರೆಗೆ ಬೈದಾಡಿಕೊಂಡು ಸುಮ್ಮನಾದವು.

ಮನೆಗೆ ಬಂದು, ನನ್ನ ಎಳೆಯ ದೀಮದ ಮಾತೆತ್ತದೆ ಅಪ್ಪನಿಗೆ ಹೇಳಿದೆ. "ನಮ್ಮ ಹಕ್ಕಿ ಗಡಿಗುಡ್ಡದಾಗೆ ಕೂಗ್ತೈತೆ. ಭಾವನ ಹತ್ರಾನೇ ಐತೆ."

"ಗೌಜಲಕ್ಕಿ ಕೂಗು ಎಲ್ಲಾ ಒಂದೇ ತರ ಇರ್ತೈತೆ ಕಣಲೇ. ಆ ದಿಕ್ಕಿಗೆ ಹೋಗ್ಬೇಡ," ಎಂದ.

ಎಲ್ಲಾ ಒಂದೇ ತರ! ಕತ್ತಲಲ್ಲಿ ಕೂಗು ಕೇಳಿ ಇದು ಯಾವ ಹಳ್ಳದ ಹಕ್ಕಿ, ಹುಂಜಕ್ಕೆ ಎಷ್ಟು ವಯಸ್ಸು ಎಂದು ಹೇಳುತ್ತಿದ್ದವನು ಆಡುವ ಮಾತೇ ಇದು? ಮಗಳ ಮನೆಯ ಮಾನ ಕಾಯಲು ಸುಳ್ಳು ಹೇಳುತ್ತಿದ್ದಾನೆ ಎಂದುಕೊಂಡೆ. ಅವನ ಮೇಲೆ ಮರುಕ ಬಂತು, ಭಾವನ ಮೇಲೆ ಇನ್ನಷ್ಟು ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆ ಬಂತು. ಹಕ್ಕಿ ಕದ್ದದ್ದು ಒಂದು ಕಡೆ ಇರಲಿ, ಬಸುರಿಯ ಗಂಡ ದೀಮ ಇಟ್ಟು ಬೇಟೆಗೆ ಕೂತಿದ್ದಾನೆ! ಇಷ್ಟು ವರ್ಷಕ್ಕೆ ಅಕ್ಕನ ಹೊಟ್ಟೆಯಲ್ಲಿ ನಿಂತ ಕೂಸು. ಅದಕ್ಕೇನಾದರೂ ಆದರೆ? ಆ ಯೋಚನೆ ಬಂದ ಮೇಲೆ ನನಗೆ ಅನ್ನ ಇಳಿಯಲಿಲ್ಲ.

ಮಾರನೆಯ ಬೆಳಗಿನಿಂದ ನಾನು ದಿನಕ್ಕಿಷ್ಟು ಹತ್ತಿರ ಹೋಗತೊಡಗಿದೆ. ಸೋಜಿಗವೆಂದರೆ ಆ ಕೂಗೂ ದಿನಕ್ಕಿಷ್ಟು ಹತ್ತಿರ ಬರತೊಡಗಿತು. ನಾನು ಕಾರೆ ಪೊದೆಯಿಂದ ಕಲ್ಲುಗುಪ್ಪೆಗೆ ಸರಿದರೆ, ಅದು ಬೇಲಿಯ ಆಚೆಯಿಂದ ಬೇಲಿಯ ಬುಡಕ್ಕೆ ಬಂದಿತ್ತು. ನನ್ನ ದೀಮವನ್ನು ಕಾಡುಹುಂಜ ಎಂದು ತಿಳಿದು ಆ ಮನುಷ್ಯ ನನ್ನ ಕಡೆಗೆ ಬರುತ್ತಿದ್ದಾನೆ ಎಂದು ನನಗೆ ಹೊಳೆಯಿತು. ನಗು ತಡೆಯಲಾಗಲಿಲ್ಲ. ಬಾ ಭಾವ, ಬಾ, ನೀನೇ ಉರುಲಿಗೆ ಬಾ ಎಂದುಕೊಂಡೆ.

ಆ ದಿನ ಇಬ್ಬನಿ ದಟ್ಟವಾಗಿತ್ತು. ನನ್ನ ದೀಮವನ್ನು ಕಲ್ಲುಗುಪ್ಪೆಯ ಹಿಂದೆ ಕೂಗಲು ಬಿಟ್ಟು, ನಾನು ಹೊಟ್ಟೆ ಮೇಲೆ ತೆವಳಿಕೊಂಡು ಸುತ್ತುಹಾಕಿ ಬೇಲಿಯ ಹಿಂಬದಿಗೆ ಹೋದೆ. ಒದ್ದೆ ಹುಲ್ಲಿನಲ್ಲಿ ಸದ್ದಾಗುವುದಿಲ್ಲ. ಬಂದರಿಕೆ ಸೊಪ್ಪಿನ ಮರೆಯ ಹಿಂದೆ ಒಬ್ಬ ಕಂಬಳಿ ಕೊಪ್ಪೆ ಹಾಕಿಕೊಂಡು ಕೂತಿದ್ದ. ಅವನ ಮುಂದೆ ಪಂಜರ. ಪಂಜರದಲ್ಲಿ ಕತ್ತು ನಿಗುರಿಸಿಕೊಂಡು ಕೂಗುತ್ತಿತ್ತು, ನಮ್ಮದೇ ಹಕ್ಕಿ. "ಲೇ ಕಳ್ಳ, ನಿನ್ನ ಹೆಂಡ್ತಿ ಬಸುರಿ ಕಣೋ!" ಎಂದು ಕಿರುಚಿ ಹಿಂದಿನಿಂದ ಮೈಮೇಲೆ ಬಿದ್ದೆ. ಇಬ್ಬರೂ ಉರುಳಿದೆವು. ಕಂಬಳಿ ಎಳೆದೆ.

ಅಪ್ಪ.

ಅವನ ಬಾಯಿಂದ ಬಂದ ಮೊದಲ ಮಾತು, "ಸದ್ದು ಮಾಡ್ಬ್ಯಾಡ್ವೋ, ಆ ಹುಂಜ ಬೆದರ್ತೈತೆ."

"ಯಾವ ಹುಂಜ? ಅದು ನನ್ನ ದೀಮ!" ಎಂದೆ.

ಅಪ್ಪ ಬಾಯಿ ತೆರೆದುಕೊಂಡು ನನ್ನನ್ನೇ ನೋಡಿದ. ಸೀಮೆಯ ಹಕ್ಕಿಗಳ ದನಿಯೆಲ್ಲ ಬಲ್ಲವನು ತನ್ನ ಮನೆಯ ಎಳೆಹಕ್ಕಿಗೇ ಅಷ್ಟು ಬೆಳಗು ಮೋಸ ಹೋಗಿದ್ದ. ಒಂದು ದಿನವಾದರೂ ಅದರ ಕೂಗು ಕೇಳಿಸಿಕೊಂಡಿದ್ದರೆ ತಾನೇ ಗೊತ್ತಾಗುವುದು.

ಆಮೇಲೆ ಕಂಬಳಿ ಕೊಡವುತ್ತ, ನನ್ನ ಮುಖ ನೋಡದೆ ಹೇಳಿದ. "ಕೊಡಾಕೆ ಮನಸು ಬರ್ಲಿಲ್ಲ ಕಣಲೇ. ಅಳಿಯನಿಗೆ ಹೊಸಲ ಮ್ಯಾಲೆ ಇಲ್ಲ ಅನ್ನಂಗಿಲ್ಲ. ಅದ್ಕೇ ಬೆಳಕಾಗಾಕೆ ಮುಂಚೆ ತಂದು ಗುಡಿಸ್ಲಾಗೆ ಇಟ್ಟೆ. ಒಂದಿಷ್ಟು ದಿನ ಕಳುದ್ರೆ ಕಾಡಾಗೆ ಸಿಕ್ತು ಅಂತ ಮನೆಗೆ ತರಾಣ ಅಂತಿದ್ದೆ. ಅಷ್ಟ್ರಾಗೆ ನೀನು ಸಂತೇಲಿ ಬಾಯಿ ಬಿಟ್ಟೆ."

ತಪ್ಪು ನನ್ನದಂತೆ! ನನಗೆ ಅವನ ಪಂಜರವನ್ನು ಕಾಲಿಂದ ಒದೆಯಬೇಕೆನಿಸಿತು. ಅಳಿಯ ಕಳ್ಳನೆನಿಸಿಕೊಂಡ, ಮಗಳು ಹಬ್ಬಕ್ಕೆ ಬರಲಿಲ್ಲ, ಹೆಂಡತಿ ಹೊಂಡದ ಮುಂದೆ ಕೂತು ಅತ್ತಳು. ಈ ಮನುಷ್ಯ ಇಷ್ಟೂ ದಿನ ಇಲ್ಲಿ ಕೂತು ಹಕ್ಕಿ ಹಿಡಿಯುತ್ತಿದ್ದ. ಇದನ್ನೆಲ್ಲ ಅಂದೇ ಬಿಟ್ಟೆ. ಅಪ್ಪನಿಗೆ ಹಾಗೆ ಮಾತಾಡಿದ್ದು ಅದೇ ಮೊದಲು. ಒಂದು ವಿಷಯಕ್ಕೆ ಮಾತ್ರ ನನಗೆ ಇಂದಿಗೂ ನಾಚಿಕೆಯಿಲ್ಲ. ಮನುಷ್ಯನ ಕೈಕೆಲಸ ಎಂದು ನಾನು ಮೊದಲ ದಿನವೇ ಹೇಳಿದ್ದೆ.

"ಎದ್ದೇಳು. ಹಕ್ಕಿ ತಗೊಂಡು ಭಾವನ ಮನೆಗೆ ಹೋಗಾಣ. ನೀನೇ ಹೇಳ್ಬೇಕು," ಎಂದೆ.

ಅಪ್ಪ ತಕರಾರು ಮಾಡದೆ ಎದ್ದ. ಅಪ್ಪನ ಪಂಜರವನ್ನು ಹೊಲದ ಗುಡಿಸಲಲ್ಲಿ ಬಿಟ್ಟು, ನನ್ನ ದೀಮವನ್ನು ಎತ್ತಿಕೊಂಡು ಮನೆಗೆ ಹೋಗಿ ಪಂಚೆ ಬದಲಿಸಿ, ಬೀಗರ ಊರಿಗೆ ಹೋಗಿ ಮಗಳನ್ನು ಕರೆತರುತ್ತೇವೆ ಎಂದು ಅವ್ವನಿಗೆ ಹೇಳಿ ಹೊರಟೆವು. ದಾರಿಯುದ್ದಕ್ಕೂ ಅಪ್ಪ ಪಂಜರವನ್ನು ತಾನೇ ಹಿಡಿದಿದ್ದ. ಬಿಸಿಲು ಬಡಿಯದ ಹಾಗೆ ಹೆಗಲ ವಸ್ತ್ರ ಹೊದಿಸಿದ್ದ, ನೆರಳು ಕಂಡಲ್ಲಿ ನಿಂತು ಒಳಗೆ ಇಣುಕುತ್ತಿದ್ದ. ಕೊನೆಯ ಗಳಿಗೆಯಲ್ಲಿ ದಾರಿ ತಪ್ಪಿಸಿ ಓಡಿಬಿಟ್ಟಾನು ಎಂದು ನಾನು ಅವನ ಹಿಂದೆಯೇ ನಡೆದೆ.

ಭಾವ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ. ನಮ್ಮನ್ನು ಕಂಡು ಎದ್ದು, "ಬರ್ರಿ ಮಾವ, ಕುಂತ್ಕಳ್ರಿ" ಎಂದು ತಾನೇ ತಂಬಿಗೆಯಲ್ಲಿ ಕಾಲಿಗೆ ನೀರು ತಂದ. ಅವನ ತಾಯಿ ಬಾಗಿಲಿಗೆ ಬಂದು ನಿಂತಳು. ಅಪ್ಪ ಜಗಲಿಯ ಮೇಲೆ ಪಂಜರ ಇಟ್ಟು ವಸ್ತ್ರ ತೆಗೆದ. ಎಲ್ಲರೂ ಹಕ್ಕಿಯನ್ನು ನೋಡಿದರು.

"ಹಕ್ಕಿ ಸಿಕ್ತು," ಎಂದ ಅಪ್ಪ.

"ಒಳ್ಳೇದಾಯ್ತು ಮಾವ," ಎಂದ ಭಾವ.

ಅಪ್ಪ ಅಷ್ಟಕ್ಕೇ ನಿಂತ. ನಾನು ಕಾದೆ. ಅವನು ಹೇಳುವ ಹಾಗೆ ಕಾಣಲಿಲ್ಲ. "ಸಿಕ್ಕಿದ್ದಲ್ಲ ಭಾವ, ಅಪ್ಪನೇ ಬಚ್ಚಿಟ್ಟಿದ್ದ. ನಿನಗೆ ಕೊಡಬೇಕಾಗ್ತದೆ ಅಂತ. ನಾನು ಸಂತೇಲಿ ಆಡಿದ ಮಾತು ಸುಳ್ಳು," ಎಂದು ನಾನೇ ಹೇಳಿದೆ.

ಭಾವನ ತಾಯಿ ಕೆನ್ನೆಗೆ ಕೈ ಹಚ್ಚಿಕೊಂಡಳು. ಭಾವ ಮಾತ್ರ ತಂಬಿಗೆಯನ್ನು ಕೆಳಗಿಟ್ಟು, "ನಂಗೆ ಗೊತ್ತಿತ್ತು" ಎಂದ. "ಅವತ್ತು ಎತ್ತಿಗೆ ಹುಲ್ಲು ಹಾಕ್ತಿದ್ದೆ. ಮಾವ ಹಕ್ಕೀನ ವಸ್ತ್ರದಾಗೆ ಸುತ್ಕೊಂಡು ಹೋಗಿದ್ದು ಕಂಡೆ. ಅಷ್ಟು ಆಸೆ ಐತಲ್ಲ, ನಾ ಕೇಳಬಾರ್ದಾಗಿತ್ತು ಅನ್ನಿಸ್ತು."

"ಮತ್ತೆ ಸಂತೇಲಿ ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ನಮ್ಮ ಮಾವ ನಂಗೆ ಕೊಡಾಕಾಗ್ದೆ ಹಕ್ಕಿ ಬಚ್ಚಿಟ್ಟವ್ರೆ ಅಂತ ಸಂತೇಲಿ ಕೂಗ್ಲಾ?"

ನಾನು ಅಷ್ಟು ದಿನ ಕಳ್ಳನ ಮುಖ ಎಂದು ಓದಿಕೊಂಡಿದ್ದದ್ದು ಮರ್ಯಾದಸ್ಥನ ಮುಖವಾಗಿತ್ತು. ಅಪ್ಪ ತಲೆ ತಗ್ಗಿಸಿ ಪಂಜರವನ್ನು ಭಾವನ ಕಡೆಗೆ ಸರಿಸಿದ. "ಇದು ನಿಂದೇ ಕಣಪ್ಪ. ಇಟ್ಕ. ಮಗಳನ್ನ ನನ್ನ ಜತೆ ಕಳ್ಸು. ಅವಳವ್ವ ಕಾಯ್ತವ್ಳೆ."

ಭಾವ ತಾಯಿಯ ಕಡೆ ನೋಡಿದ. ಮುದುಕಿ, "ಮಾತು ವಾಪಸ್ ಬಂತಲ್ಲ, ಕರ್ಕೊಂಡು ಹೋಗ್ರಿ" ಎಂದಳು. ಅಷ್ಟರಲ್ಲಿ ಅಕ್ಕ ಹೊರಗೆ ಬಂದಳು. ಹೊಟ್ಟೆ ಕಾಣಿಸುತ್ತಿತ್ತು. ಮುಖ ಇಳಿದಿತ್ತು. ನನ್ನನ್ನು ನೋಡಲಿಲ್ಲ, ಸೀದಾ ಅಪ್ಪನ ಮುಂದೆ ಬಂದು ನಿಂತಳು. ಅವಳಿಗೂ ಎಲ್ಲ ಗೊತ್ತಿತ್ತೆಂದು ಅವಳು ನಿಂತ ರೀತಿಯಲ್ಲೇ ತಿಳಿಯಿತು.

"ಅಪ್ಪ, ಊರೆಲ್ಲ ಇವರನ್ನ ಕಳ್ಳ ಅಂತು. ನೀರಿಗೆ ಹೋದ್ರೆ ನನ್ನ ನೋಡಿ ಹೆಂಗಸ್ರು ಮಾತು ನಿಲ್ಲಿಸ್ತಿದ್ರು. ಇವರು ನಿನ್ನ ಮಾನ ಉಳಿಸಾಕೆ ತಮ್ಮ ಹೆತ್ತವ್ವನ ಹತ್ರನೂ ಬಾಯಿ ಬಿಡ್ಲಿಲ್ಲ. ಅಪ್ಪ ಇವತ್ತು ಬರ್ತಾನೆ, ನಾಳೆ ಬರ್ತಾನೆ ಅಂತ ನಾನು ದಿನಾ ದಾರಿ ನೋಡ್ದೆ. ತಮ್ಮ ನಿನ್ನ ಹಿಡ್ಕೊಂಡು ಬರೋಗಂಟ ನೀನು ಬರ್ಲಿಲ್ಲ."

"ತಪ್ಪಾಯ್ತವ್ವ, ಬಾ, ಮನೆಗೆ ಹೋಗಾಣ," ಎಂದ ಅಪ್ಪ.

"ನಿನಗೆ ಹಕ್ಕಿ ಬಿಡಾಕೆ ಆಗ್ಲಿಲ್ಲ, ನನ್ನ ಬಿಡಾಕೆ ಆಯ್ತು. ಹಕ್ಕೀನೇ ಕರ್ಕೊಂಡು ಹೋಗಪ್ಪ. ನಾನು ಇಲ್ಲೇ ಹೆರ್ತೀನಿ."

ಅಷ್ಟು ಹೇಳಿ ಒಳಗೆ ಹೋದಳು. ಭಾವ ಹಿಂದೆಯೇ ಹೋಗಿ ಏನೇನೋ ಹೇಳಿದ್ದು ಕೇಳಿಸಿತು. ಅವನ ತಾಯಿಯೂ ಹೇಳಿದಳು. ಅವಳು ಮತ್ತೆ ಹೊರಗೆ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಭಾವ ಬಂದು, ಮಗುವಾಗುವವರೆಗೆ ದೀಮ ತನ್ನ ಮನೆಯಲ್ಲಿ ಇರುವುದನ್ನು ಅವಳು ಒಪ್ಪುತ್ತಿಲ್ಲ, ಬೇಜಾರು ಮಾಡಿಕೊಳ್ಳಬೇಡಿ ಎಂದು ಪಂಜರವನ್ನು ತಾನೇ ಎತ್ತಿ ಅಪ್ಪನ ಕೈಗೆ ಕೊಟ್ಟ. ಅಪ್ಪ ಅದನ್ನು ಹಿಡಿದುಕೊಂಡ. ವಸ್ತ್ರ ಹೊದಿಸಲಿಲ್ಲ.

ವಾಪಸ್ ಬರುವಾಗ ಗಡಿಗುಡ್ಡದ ಮೇಲೆ ಒಂದು ಕಾಡುಹುಂಜ ಕೂಗಿತು. ಪಂಜರದ ಹಕ್ಕಿ ಓಗೊಟ್ಟಿತು. ಅಪ್ಪ ನಿಲ್ಲಲಿಲ್ಲ, ಕತ್ತು ತಿರುಗಿಸಲೂ ಇಲ್ಲ. ಅವನು ಅಳುತ್ತಿದ್ದಾನೆ ಎಂದು ನನಗೆ ಗೊತ್ತಾಯಿತು. ಸಮಾಧಾನ ಹೇಳಬೇಕೆನಿಸಲಿಲ್ಲ.

ನಾವು ಮನೆ ಮುಟ್ಟಿದಾಗ ಅವ್ವ ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಬಸುರಿ ಮಗಳಿಗೆ ದೃಷ್ಟಿ ತೆಗೆಯಲು ಕೆಂಪು ನೀರು ಕಲಸಿಟ್ಟಿದ್ದಳು. ನಮ್ಮ ಹಿಂದೆ ಯಾರೂ ಇಲ್ಲದ್ದನ್ನು ಕಂಡು, "ಅವಳೆಲ್ಲಿ?" ಎಂದಳು. ಅಪ್ಪ ಪಂಜರವನ್ನು ನೆಲಕ್ಕಿಟ್ಟು, "ಬರಲ್ವಂತೆ" ಎಂದ. ಅವ್ವ ಪಂಜರವನ್ನು ನೋಡಿದಳು, ಅಪ್ಪನನ್ನು ನೋಡಿದಳು. "ಯಾಕಂತೆ?" ಎಂದೊಂದು ಸಲ ಕೇಳಿ, ಉತ್ತರಕ್ಕೆ ಕಾಯದೆ, ಕೆಂಪು ನೀರನ್ನು ಬಾಗಿಲ ಪಕ್ಕ ಚೆಲ್ಲಿ ಒಳಗೆ ಹೋದಳು. ಕಳೆದುಹೋಗಿದ್ದ ಹಕ್ಕಿ ಎಲ್ಲಿ ಸಿಕ್ಕಿತು ಎಂದು ಅವಳು ಅಂದೂ ಕೇಳಲಿಲ್ಲ, ಸಾಯುವವರೆಗೂ ಕೇಳಲಿಲ್ಲ.